ಆ ಒಂದು ಅಂಕ ಅವಳಿಗೇ ಸೇರಬೇಕಿತ್ತು



ಕೆಲವು ವರ್ಷಗಳ ಹಿಂದೆ ಒಂದು ವಿಜ್ಞಾನ ರಸಪ್ರಶ್ನೆ ಸ್ಪರ್ಧೆಯಲ್ಲಿ ಪ್ರಶ್ನೆ ಕೇಳುವ ಕೆಲಸ ನನ್ನದಾಗಿತ್ತು. ಚೀಟಿಯಲ್ಲಿದ್ದ ಪ್ರಶ್ನೆ: 'ಡೈನೊಸಾರ್‌ಗಳು ಈಗಲೂ ಬದುಕಿವೆಯೇ?' ಏಳನೇ ತರಗತಿಯ ಒಬ್ಬ ಹುಡುಗಿ ಎದ್ದು ನಿಂತು, "ಇವೆ ಸಾರ್, ನಮ್ಮನೆ ಕೋಳಿ" ಎಂದಳು. ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಚೀಟಿಯಲ್ಲಿ ಉತ್ತರ 'ಇಲ್ಲ' ಎಂದಿತ್ತು. ಅವಳ ತಂಡ ಒಂದೇ ಅಂಕದಿಂದ ಸೋತಿತು.

ಹಕ್ಕಿಗಳು ಡೈನೊಸಾರ್‌ಗಳಿಂದ ಬಂದವು ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಆದರೂ ಆ ಹೊತ್ತಿನಲ್ಲಿ ನಾನು ಚೀಟಿಯನ್ನು ನಂಬಿದೆ, ಹುಡುಗಿಯನ್ನು ನಂಬಲಿಲ್ಲ. ಅವಳ ಉತ್ತರವೇ ಸರಿ, ತಿದ್ದಬೇಕಾದದ್ದು ನಮ್ಮ ಚೀಟಿಗಳನ್ನು ಎಂಬುದು ಈಗ ನನ್ನ ಖಚಿತ ಅಭಿಪ್ರಾಯ. ಏಕೆಂದು ಹೇಳುತ್ತೇನೆ, ಒಪ್ಪಿಗೆಯಾದರೆ ಒಪ್ಪಿ.

ದಾವಣಗೆರೆಯ ಮಂಡಿಪೇಟೆಯಲ್ಲಿ ಅಂಗಡಿಗಳ ಮುಂದೆ ಚೆಲ್ಲಿದ ಕಾಳು ಹೆಕ್ಕುವ ಪಾರಿವಾಳದ ಕಾಲನ್ನು ಒಮ್ಮೆ ಗಮನಿಸಿ. ಅದರ ಮೇಲೆ ಹುರುಪೆಗಳಿವೆ, ಮುಂದಕ್ಕೆ ಮೂರು ಬೆರಳುಗಳಿವೆ. ಎರಡು ಕಾಲಿನಲ್ಲಿ ಓಡುತ್ತಿದ್ದ ಮಾಂಸಾಹಾರಿ ಡೈನೊಸಾರ್‌ಗಳ ಹೆಜ್ಜೆಗುರುತೂ ಮೂರು ಬೆರಳಿನದೇ. ಮನೆಯಲ್ಲಿ ಕೋಳಿ ಸಾರು ಮಾಡುವವರು ಎದೆಯ ಮೇಲ್ಭಾಗದಲ್ಲಿರುವ ಕವಲು ಮೂಳೆಯನ್ನು ನೋಡಿರುತ್ತೀರಿ. ಅಂಥದೇ ಮೂಳೆ ಟಿರನೊಸಾರಸ್‌ಗೂ ಇತ್ತು. ಹಕ್ಕಿಗಳಂತೆ ಟೊಳ್ಳು ಮೂಳೆಗಳೂ ಇದ್ದವು.

ಜರ್ಮನಿಯ ಸೋಲ್ನ್‌ಹೋಫೆನ್ ಎಂಬಲ್ಲಿನ ಸುಣ್ಣಕಲ್ಲಿನಲ್ಲಿ 1861ರಲ್ಲಿ ಒಂದು ವಿಚಿತ್ರ ಪ್ರಾಣಿಯ ಪಳೆಯುಳಿಕೆ ಸಿಕ್ಕಿತು. ಹೆಸರು ಆರ್ಕಿಯಾಪ್ಟೆರಿಕ್ಸ್, ವಯಸ್ಸು ಸುಮಾರು 15 ಕೋಟಿ ವರ್ಷ. ಹಕ್ಕಿಯಂತೆ ಗರಿಗಳಿವೆ, ಆದರೆ ಬಾಯಲ್ಲಿ ಹಲ್ಲು, ರೆಕ್ಕೆಯಲ್ಲಿ ಉಗುರು, ಓತಿಕ್ಯಾತದಂತೆ ಮೂಳೆಯ ಉದ್ದ ಬಾಲ! ಹಕ್ಕಿಗೂ ಡೈನೊಸಾರ್‌ಗೂ ನಂಟಿದೆ ಎಂದು ಥಾಮಸ್ ಹಕ್ಸ್ಲಿ ಎಂಬ ವಿಜ್ಞಾನಿ ಅದೇ ದಶಕದಲ್ಲಿ ವಾದಿಸಿದರು. ಬಹುಕಾಲ ಹೆಚ್ಚಿನವರು ಒಪ್ಪಲಿಲ್ಲ. ಒಪ್ಪಿಸಲು ಗರಿ ಇರುವ, ಆದರೆ ಹಕ್ಕಿಯಲ್ಲದ ಡೈನೊಸಾರ್ ಸಿಗಬೇಕಿತ್ತು.

1996ರಲ್ಲಿ ಅದೂ ಸಿಕ್ಕಿತು. ಚೀನಾದ ಲಿಯಾವೊನಿಂಗ್ ಪ್ರಾಂತ್ಯದಲ್ಲಿ ಕೆರೆಯ ತಳದ ಕೆಸರು ಮತ್ತು ಜ್ವಾಲಾಮುಖಿಯ ಬೂದಿ ಕಲ್ಲಾದ ಪದರಗಳಿವೆ. ಅಲ್ಲಿ ದೊರೆತ ಸೈನೊಸಾರಾಪ್ಟೆರಿಕ್ಸ್ ಬಾಲವೂ ಸೇರಿ ಸುಮಾರು ಒಂದು ಮೀಟರ್ ಉದ್ದದ ಪುಟ್ಟ ಡೈನೊಸಾರ್. ಹಾರಲು ರೆಕ್ಕೆಯಿಲ್ಲ, ಆದರೆ ಮೈಮೇಲೆ ಎಳೆಎಳೆಯಾದ ಪುಕ್ಕ. ಹಾಗಾದರೆ ಪುಕ್ಕ ಮೊದಲು ಬಂದದ್ದು ಹಾರಲಿಕ್ಕಲ್ಲ. ಮೈ ಬೆಚ್ಚಗಿಡಲು, ನವಿಲಿನಂತೆ ಮೆರೆಯಲು ಬಂದಿರಬೇಕು. ಹಾರಾಟ ಆಮೇಲಿನದು. 2012ರಲ್ಲಿ ವರದಿಯಾದ ಯುಟಿರಾನಸ್ ಅಂತೂ ಸುಮಾರು 9 ಮೀಟರ್ ಉದ್ದದ, ಪುಕ್ಕ ಹೊದ್ದ ಪ್ರಾಣಿ. ಟಿ.ವಿ.ಯಲ್ಲಿ ನೀವು ನೋಡುವ 'ಜುರಾಸಿಕ್ ಪಾರ್ಕ್' ಸಿನಿಮಾ 1993ರದು. ಅದರಲ್ಲಿ ವೆಲಾಸಿರ್‍ಯಾಪ್ಟರ್‌ಗೆ ಗರಿಯೇ ಇಲ್ಲ. ಅದರ ತೋಳಿನ ಮೂಳೆಯ ಮೇಲೆ ಗರಿ ಅಂಟಿಕೊಳ್ಳುವ ಉಬ್ಬುಗಳು ಪತ್ತೆಯಾದದ್ದು 2007ರಲ್ಲಿ.

ನನಗೆ ಬಹಳ ಇಷ್ಟವಾದ ಕಥೆ ಬೇರೆಯೇ ಇದೆ. 1923ರಲ್ಲಿ ಮಂಗೋಲಿಯಾದ ಗೋಬಿ ಮರುಭೂಮಿಯಲ್ಲಿ ಮೊಟ್ಟೆಗಳ ರಾಶಿಯ ಮೇಲೆ ಒಂದು ಡೈನೊಸಾರ್‌ನ ಮೂಳೆಗಳು ಸಿಕ್ಕವು. ಮೊಟ್ಟೆಗಳು ಬೇರೆ ಜಾತಿಯವು, ಇದು ಕದಿಯಲು ಬಂದು ಸತ್ತಿರಬೇಕು ಎಂದು ಊಹಿಸಿ, ಮರುವರ್ಷ 'ಓವಿರ್‍ಯಾಪ್ಟರ್' ಎಂದು ಹೆಸರಿಟ್ಟರು. ಮೊಟ್ಟೆಗಳ್ಳ ಎಂದು ಅದರ ಅರ್ಥ. ಈ ಹೆಸರು ದಾರಿ ತಪ್ಪಿಸಬಹುದು ಎಂದು ಹೆಸರಿಟ್ಟ ಆಸ್ಬಾರ್ನ್ ಅವರೇ ಎಚ್ಚರಿಸಿದ್ದರು. 1993ರಲ್ಲಿ ಅಂಥದೇ ಮೊಟ್ಟೆಯೊಂದರೊಳಗೆ ಭ್ರೂಣ ಸಿಕ್ಕಿತು. ಅದು ಈ 'ಕಳ್ಳ'ನ ಬಳಗದ್ದೇ ಮರಿ! ಅದೇ ಬಳಗದ ಇನ್ನೊಂದು ಪ್ರಾಣಿ ತೋಳುಗಳನ್ನು ಗೂಡಿನ ಮೇಲೆ ಹರಡಿ, ಹೇಂಟೆ ಕಾವಿಗೆ ಕೂತಂತೆಯೇ ಕೂತು ಕಲ್ಲಾಗಿರುವುದೂ ಕಂಡಿತು. ಮೊಟ್ಟೆ ಕಾಯುತ್ತಿದ್ದ ಪ್ರಾಣಿಗೆ ಎಪ್ಪತ್ತು ವರ್ಷ ಕಳ್ಳನ ಪಟ್ಟ. ಆ ಹೆಸರನ್ನು ಬದಲಿಸಲು ನಾಮಕರಣದ ನಿಯಮ ಬಿಡುವುದಿಲ್ಲ. ನನ್ನ ಚೀಟಿಗೆ ಅಂಥ ನಿಯಮವೇನೂ ಇಲ್ಲ.

ನಮ್ಮ ಹರಿಹರದ ಹೊಳೆದಂಡೆಯಲ್ಲಿ ಅಗೆದರೆ ಇಂಥದ್ದು ಸಿಕ್ಕೀತೇ ಎಂದು ಕೇಳುವಿರಿ. ಸಿಗದು. ನಮ್ಮ ಸುತ್ತಲಿನ ಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು, ಡೈನೊಸಾರ್‌ಗಳು ಕಾಣಿಸಿಕೊಂಡದ್ದು ಸುಮಾರು 23 ಕೋಟಿ ವರ್ಷಗಳ ಹಿಂದೆ. ಬಂಡೆಯೇ ಮುತ್ತಜ್ಜ! ಭಾರತದಲ್ಲಿ ಡೈನೊಸಾರ್ ಮೂಳೆ ಸಿಕ್ಕಿರುವುದು ಗುಜರಾತ್, ಮಧ್ಯಪ್ರದೇಶ, ತೆಲಂಗಾಣ ಮುಂತಾದ ಕಡೆ. ಹೈದರಾಬಾದಿಗೆ ಪ್ರವಾಸ ಹೋದರೆ ಬಿರ್ಲಾ ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಕೋಟಾಸಾರಸ್ ಅಸ್ಥಿಪಂಜರ ನೋಡಿ ಬನ್ನಿ. ಅದು ಸಸ್ಯಾಹಾರಿ, ಹಕ್ಕಿಗಳಿಗೆ ದೂರದ ನೆಂಟ.

ನನ್ನ ಶಿಕ್ಷಕ ಮಿತ್ರರೊಬ್ಬರು ಇದನ್ನೆಲ್ಲ ಕೇಳಿ, "ಹಕ್ಕಿ ಡೈನೊಸಾರ್ ವಂಶದ್ದು ಎನ್ನಿ ಮೇಷ್ಟ್ರೇ, ಡೈನೊಸಾರೇ ಎಂದರೆ ಮಕ್ಕಳಿಗೆ ಗೊಂದಲ" ಎಂದರು. ನನಗೆ ಹಾಗನ್ನಿಸುವುದಿಲ್ಲ. ಬಾವಲಿ ಹಾರುತ್ತದೆಂದು ಅದನ್ನು ಸಸ್ತನಿಗಳ ಪಟ್ಟಿಯಿಂದ ತೆಗೆದಿದ್ದೇವೆಯೇ? ದೊಡ್ಡ ಮನೆತನವೊಂದರಲ್ಲಿ ಎಲ್ಲ ಕವಲುಗಳೂ ಅಳಿದು ಒಂದೇ ಕವಲು ಉಳಿದರೆ, ಆ ಮನೆತನವೇ ಇಲ್ಲ ಎನ್ನುವುದಿಲ್ಲ. 6.6 ಕೋಟಿ ವರ್ಷಗಳ ಹಿಂದೆ ಆಕಾಶಕಾಯವೊಂದು ಭೂಮಿಗೆ ಅಪ್ಪಳಿಸಿದಾಗ ಆದದ್ದೂ ಅಷ್ಟೇ. ಉಳಿದೆಲ್ಲ ಕವಲುಗಳು ಹೋದವು, ಕೆಲವು ಹಕ್ಕಿಗಳು ಉಳಿದವು. ಟಿರನೊಸಾರಸ್ ಕೋಳಿಯ ಅಜ್ಜನಲ್ಲ, ದಾಯಾದಿ ಎಂಬುದನ್ನು ಮಾತ್ರ ಮರೆಯಬೇಡಿ.

ಮುಂದಿನ ಸ್ಪರ್ಧೆಗೆ ಚೀಟಿಯನ್ನು ತಿದ್ದಿ ಬರೆದಿಟ್ಟಿದ್ದೇನೆ. ಆ ಹುಡುಗಿ ಈಗ ಪ್ರೌಢಶಾಲೆಯನ್ನೂ ದಾಟಿರಬೇಕು, ಈ ಪುರವಣಿ ಅವಳ ಕೈಗೆ ಸಿಗಲಾರದು. ಅವಳ ತಮ್ಮನೋ ತಂಗಿಯೋ ಇದನ್ನು ಓದುತ್ತಿದ್ದರೆ ಮನೆಗೆ ಹೋಗಿ ತಿಳಿಸಿ: ನಿನ್ನ ಉತ್ತರ ಸರಿಯಾಗಿತ್ತಂತೆ, ಸಾರ್ ಹೇಳಿದ್ದಾರೆ.