ಇಲಾಶ್ಕು ಪ್ರಕರಣ

ಇಲಾಶ್ಕು ಪ್ರಕರಣವು ಮಾಲ್ಡೋವಾದ ರಾಜಕಾರಣಿ ಇಲಿಯೆ ಇಲಾಶ್ಕು ಮತ್ತು ಅವರ ಸಂಗಡಿಗರನ್ನು ಟ್ರಾನ್ಸ್‌ನಿಸ್ಟ್ರಿಯಾದ ಪ್ರತ್ಯೇಕತಾವಾದಿ ಆಡಳಿತವು 1992ರಲ್ಲಿ ಬಂಧಿಸಿ ದೀರ್ಘಕಾಲ ಸೆರೆಯಲ್ಲಿರಿಸಿದ್ದಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ವಿವಾದವಾಗಿದೆ. ವಿಶ್ವಸಂಸ್ಥೆಯ ಯಾವ ಸದಸ್ಯ ರಾಷ್ಟ್ರದಿಂದಲೂ ಮಾನ್ಯತೆ ಪಡೆಯದ ಆಡಳಿತವೊಂದು ಒಬ್ಬ ವ್ಯಕ್ತಿಯನ್ನು ಸೆರೆಯಲ್ಲಿಟ್ಟರೆ ಅದಕ್ಕೆ ಯಾರು ಹೊಣೆ, ಅವನ ಬಿಡುಗಡೆಯನ್ನು ಯಾರಲ್ಲಿ ಕೇಳಬೇಕು ಎಂಬ ಪ್ರಶ್ನೆಗಳನ್ನು ಈ ಪ್ರಕರಣವು ಮುಂದಿಟ್ಟಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು 2004ರಲ್ಲಿ ನೀಡಿದ ತೀರ್ಪು ಈ ವಿಷಯದಲ್ಲಿ ಇಂದಿಗೂ ಮುಖ್ಯ ಆಧಾರವಾಗಿದೆ.

ಹಿನ್ನೆಲೆ

ಟ್ರಾನ್ಸ್‌ನಿಸ್ಟ್ರಿಯಾವು ಮಾಲ್ಡೋವಾದ ಪೂರ್ವ ಅಂಚಿನಲ್ಲಿ, ನೀಸ್ಟರ್ ನದಿ ಮತ್ತು ಉಕ್ರೇನ್ ಗಡಿಯ ನಡುವೆ ಚಾಚಿಕೊಂಡಿರುವ ಕಿರಿದಾದ ಭೂಭಾಗ. ತಿರಾಸ್ಪೋಲ್ ಅದರ ಮುಖ್ಯ ನಗರ. ಸೋವಿಯತ್ ಒಕ್ಕೂಟದ ಕೊನೆಯ ದಿನಗಳಲ್ಲಿ ಮಾಲ್ಡೋವಾವು ರೊಮೇನಿಯಾದೊಡನೆ ಒಂದಾಗಬಹುದೆಂಬ ಆತಂಕ ಇಲ್ಲಿನ ರಷ್ಯನ್ ಭಾಷಿಕರಲ್ಲಿ ಬೆಳೆಯಿತು. 1990ರ ಸೆಪ್ಟೆಂಬರ್ 2ರಂದು ಅಲ್ಲಿನ ನಾಯಕರು ಪ್ರತ್ಯೇಕ ಗಣರಾಜ್ಯವನ್ನು ಘೋಷಿಸಿದರು. 1992ರಲ್ಲಿ ಮಾಲ್ಡೋವಾದ ಪಡೆಗಳಿಗೂ ಪ್ರತ್ಯೇಕತಾವಾದಿಗಳಿಗೂ ಯುದ್ಧ ನಡೆಯಿತು. ಆ ಪ್ರದೇಶದಲ್ಲಿ ನೆಲೆಸಿದ್ದ ರಷ್ಯಾದ 14ನೇ ಸೇನೆಯು ಪ್ರತ್ಯೇಕತಾವಾದಿಗಳಿಗೆ ನೆರವಾಯಿತು. 1992ರ ಜುಲೈ 21ರಂದು ರಷ್ಯಾದ ಅಧ್ಯಕ್ಷ ಬೋರಿಸ್ ಯೆಲ್ಟ್ಸಿನ್ ಮತ್ತು ಮಾಲ್ಡೋವಾದ ಅಧ್ಯಕ್ಷ ಮಿರ್ಚಾ ಸ್ನೆಗುರ್ ಕದನವಿರಾಮದ ಒಪ್ಪಂದಕ್ಕೆ ಸಹಿ ಹಾಕಿದರು. ಅಂದಿನಿಂದ ಟ್ರಾನ್ಸ್‌ನಿಸ್ಟ್ರಿಯಾವು ಕಾನೂನಿನ ಪ್ರಕಾರ ಮಾಲ್ಡೋವಾದ ಭಾಗವಾಗಿದ್ದರೂ ಮಾಲ್ಡೋವಾದ ಆಡಳಿತಕ್ಕೆ ಒಳಪಟ್ಟಿಲ್ಲ.

ಬಂಧನ ಮತ್ತು ವಿಚಾರಣೆ

1952ರಲ್ಲಿ ಜನಿಸಿದ ಇಲಾಶ್ಕು ಅವರು ರೊಮೇನಿಯಾದೊಡನೆ ಏಕೀಕರಣವನ್ನು ಬೆಂಬಲಿಸುತ್ತಿದ್ದ ಮಾಲ್ಡೋವಾ ಜನರಂಗದ ತಿರಾಸ್ಪೋಲ್ ಶಾಖೆಯ ನಾಯಕರಾಗಿದ್ದರು. 1992ರ ಜೂನ್ ತಿಂಗಳ ಆರಂಭದಲ್ಲಿ ಅವರನ್ನೂ ಅವರ ಸಂಗಡಿಗರನ್ನೂ ಅವರವರ ಮನೆಗಳಿಂದ ಬಂಧಿಸಲಾಯಿತು. ಕೆಲಕಾಲ ಅವರನ್ನು 14ನೇ ಸೇನೆಯ ಆವರಣದಲ್ಲಿಯೇ ಇರಿಸಲಾಗಿತ್ತು. ಈ ಸಂಗತಿಯು ಮುಂದೆ ರಷ್ಯಾದ ಹೊಣೆಯನ್ನು ನಿರ್ಧರಿಸುವಾಗ ಮಹತ್ವ ಪಡೆಯಿತು.

ಇಬ್ಬರ ಹತ್ಯೆ ಸೇರಿದಂತೆ ಹಲವು ಆರೋಪಗಳನ್ನು ಇವರ ಮೇಲೆ ಹೊರಿಸಲಾಯಿತು. ಟ್ರಾನ್ಸ್‌ನಿಸ್ಟ್ರಿಯಾದ 'ಸರ್ವೋಚ್ಚ ನ್ಯಾಯಾಲಯ'ವು 1993ರ ಡಿಸೆಂಬರ್ 9ರಂದು ಇಲಾಶ್ಕು ಅವರಿಗೆ ಮರಣದಂಡನೆಯನ್ನೂ ಉಳಿದವರಿಗೆ ಸೆರೆವಾಸವನ್ನೂ ವಿಧಿಸಿತು. ವಿಚಾರಣೆಯ ವೇಳೆ ಆರೋಪಿಗಳನ್ನು ಲೋಹದ ಪಂಜರಗಳಲ್ಲಿ ಕೂರಿಸಲಾಗಿತ್ತು. 1994ರ ಫೆಬ್ರವರಿ 3ರಂದು ಮಾಲ್ಡೋವಾದ ಸರ್ವೋಚ್ಚ ನ್ಯಾಯಾಲಯವು ಈ ತೀರ್ಪನ್ನು ರದ್ದುಗೊಳಿಸಿತು. ಆದರೆ ತಿರಾಸ್ಪೋಲ್‌ನ ಆಡಳಿತವು ಈ ಆದೇಶವನ್ನು ಲೆಕ್ಕಿಸಲಿಲ್ಲ.

ಮರಣದಂಡನೆಯನ್ನು ಜಾರಿಗೊಳಿಸಲಿಲ್ಲ, ರದ್ದುಪಡಿಸಲೂ ಇಲ್ಲ. ಸುಮಾರು ಎಂಟು ವರ್ಷಗಳ ಕಾಲ ಇಲಾಶ್ಕು ಅವರು ಯಾವ ದಿನ ಶಿಕ್ಷೆ ಜಾರಿಯಾಗುವುದೋ ತಿಳಿಯದೆ ಏಕಾಂತ ಸೆರೆಯಲ್ಲಿ ಕಳೆದರು. ಅವರ ಕೋಣೆಗೆ ಸೂರ್ಯನ ಬೆಳಕಾಗಲಿ ಚಳಿಗಾಲದಲ್ಲಿ ಕಾವಾಗಲಿ ಇರಲಿಲ್ಲ.

ಅಂತರರಾಷ್ಟ್ರೀಯ ಕಳವಳ

ಈ ಪ್ರಕರಣದಲ್ಲಿ ಮಧ್ಯಪ್ರವೇಶಿಸಬಯಸಿದ ರಾಷ್ಟ್ರಗಳಿಗೂ ಸಂಸ್ಥೆಗಳಿಗೂ ಒಂದು ಇಕ್ಕಟ್ಟು ಎದುರಾಯಿತು. ತಿರಾಸ್ಪೋಲ್‌ನ ಆಡಳಿತದೊಡನೆ ಔಪಚಾರಿಕವಾಗಿ ವ್ಯವಹರಿಸಿದರೆ ಅದಕ್ಕೆ ಮಾನ್ಯತೆಯ ಛಾಯೆ ದೊರೆಯುತ್ತಿತ್ತು. ವ್ಯವಹರಿಸದಿದ್ದರೆ ಸೆರೆಮನೆಯ ಕೀಲಿಕೈ ಹೊಂದಿದ್ದವರ ಸಂಪರ್ಕವೇ ತಪ್ಪುತ್ತಿತ್ತು. ಹೀಗಾಗಿ ಯುರೋಪಿನ ಭದ್ರತೆ ಮತ್ತು ಸಹಕಾರ ಸಂಘಟನೆಯಂತಹ ಮಧ್ಯಸ್ಥ ಸಂಸ್ಥೆಗಳ ಪಾತ್ರ ಹೆಚ್ಚಿತು.

ಇನ್ನೊಂದು ಮಾರ್ಗವು ಚುನಾವಣೆಯದಾಗಿತ್ತು. ಸೆರೆಯಲ್ಲಿದ್ದಾಗಲೇ ಇಲಾಶ್ಕು ಅವರು 1994ರಲ್ಲಿ ಮತ್ತು 1998ರಲ್ಲಿ ಮಾಲ್ಡೋವಾದ ಸಂಸತ್ತಿಗೆ ಆಯ್ಕೆಯಾದರು. 2000ದಲ್ಲಿ ರೊಮೇನಿಯಾದ ಪೌರತ್ವ ಪಡೆದು ಅಲ್ಲಿನ ಸೆನೆಟ್‌ಗೂ ಆಯ್ಕೆಯಾದರು. ಯುರೋಪ್ ಮಂಡಳಿಯ ಸಂಸದೀಯ ಸಭೆಯ ನಿಯೋಗಕ್ಕೂ ಅವರನ್ನು ನೇಮಿಸಲಾಗಿತ್ತು. ಇದರಿಂದ ಅವರ ಬಂಧನವು ಒಬ್ಬ ಕೈದಿಯ ವಿಷಯವಾಗಿ ಉಳಿಯದೆ, ಚುನಾಯಿತ ಪ್ರತಿನಿಧಿಯೊಬ್ಬರ ವಿಷಯವಾಗಿ ಯುರೋಪಿನ ವೇದಿಕೆಗಳಲ್ಲಿ ಮತ್ತೆ ಮತ್ತೆ ಚರ್ಚೆಗೆ ಬಂದಿತು. 2001ರ ಮೇ 5ರಂದು ಅವರು ಬಿಡುಗಡೆಯಾದರು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದ ತೀರ್ಪು

ಇಲಾಶ್ಕು, ಅಲೆಕ್ಸಾಂದ್ರು ಲೆಶ್ಕೊ, ಆಂದ್ರೇ ಇವಾಂತ್ಸೋಕ್ ಮತ್ತು ತುದೋರ್ ಪೆತ್ರೋವ್-ಪೋಪಾ ಅವರು 1999ರಲ್ಲಿ ಮಾಲ್ಡೋವಾ ಮತ್ತು ರಷ್ಯಾಗಳ ವಿರುದ್ಧ ಅರ್ಜಿ ಸಲ್ಲಿಸಿದರು. ಟ್ರಾನ್ಸ್‌ನಿಸ್ಟ್ರಿಯಾವು ಯುರೋಪಿನ ಮಾನವ ಹಕ್ಕುಗಳ ಒಡಂಬಡಿಕೆಯ ಪಕ್ಷಕಾರನಲ್ಲದ ಕಾರಣ ಅದರ ವಿರುದ್ಧ ದಾವೆ ಹೂಡಲು ಅವಕಾಶವಿರಲಿಲ್ಲ. 2003ರ ಮಾರ್ಚ್‌ನಲ್ಲಿ ನ್ಯಾಯಾಧೀಶರ ನಿಯೋಗವೊಂದು ಕಿಶಿನೌ ಮತ್ತು ತಿರಾಸ್ಪೋಲ್‌ಗಳಿಗೆ ತೆರಳಿ 43 ಸಾಕ್ಷಿಗಳ ಹೇಳಿಕೆ ಪಡೆಯಿತು.

2004ರ ಜುಲೈ 8ರಂದು ಮಹಾಪೀಠವು ತೀರ್ಪು ನೀಡಿತು. ಅದರ ಮುಖ್ಯ ಅಂಶಗಳು ಹೀಗಿವೆ:

ರಷ್ಯಾದ ಹೊಣೆ: ಟ್ರಾನ್ಸ್‌ನಿಸ್ಟ್ರಿಯಾದ ಆಡಳಿತವು ರಷ್ಯಾದ ಸೈನಿಕ, ಆರ್ಥಿಕ ಮತ್ತು ರಾಜಕೀಯ ಬೆಂಬಲದಿಂದ ಹುಟ್ಟಿ ಉಳಿದಿದೆ, ಆದುದರಿಂದ ಅರ್ಜಿದಾರರು ರಷ್ಯಾದ ಅಧಿಕಾರವ್ಯಾಪ್ತಿಗೆ ಒಳಪಡುತ್ತಾರೆ. ಈ ನಿರ್ಣಯವು 16–1 ಮತಗಳಿಂದ ಅಂಗೀಕಾರವಾಯಿತು.

ಮಾಲ್ಡೋವಾದ ಹೊಣೆ: ಭೂಭಾಗದ ಮೇಲೆ ಹಿಡಿತವಿಲ್ಲದಿದ್ದರೂ ತನ್ನ ಜನರ ಹಕ್ಕುಗಳನ್ನು ಕಾಪಾಡಲು ಕೈಲಾದ ಕ್ರಮಗಳನ್ನು ಕೈಗೊಳ್ಳುವ ಕರ್ತವ್ಯ ಆ ರಾಷ್ಟ್ರಕ್ಕಿದೆ. ಇದಕ್ಕೆ 11–6 ಮತಗಳ ಬೆಂಬಲ ದೊರೆಯಿತು. 2001ರ ಮೇ ನಂತರ ಉಳಿದ ಮೂವರಿಗಾಗಿ ಮಾಲ್ಡೋವಾವು ಸಾಕಷ್ಟು ಪ್ರಯತ್ನಿಸಲಿಲ್ಲವೆಂದು ನ್ಯಾಯಾಲಯ ಹೇಳಿತು.

ಚಿತ್ರಹಿಂಸೆ: ಇಲಾಶ್ಕು ಮತ್ತು ಇವಾಂತ್ಸೋಕ್ ಅವರನ್ನು ನಡೆಸಿಕೊಂಡ ರೀತಿ ಚಿತ್ರಹಿಂಸೆಗೆ ಸಮ, ಇನ್ನಿಬ್ಬರು ಅಮಾನವೀಯ ಮತ್ತು ಅವಮಾನಕರ ವರ್ತನೆಗೆ ಗುರಿಯಾದರು.

ಬಿಡುಗಡೆ: ಆಗಲೂ ಸೆರೆಯಲ್ಲಿದ್ದವರನ್ನು ತಕ್ಷಣ ಬಿಡುಗಡೆಗೊಳಿಸಲು ಎರಡೂ ರಾಷ್ಟ್ರಗಳು ಎಲ್ಲ ಕ್ರಮಗಳನ್ನು ಕೈಗೊಳ್ಳಬೇಕು.

1993ರ ವಿಚಾರಣೆಯು ಎರಡೂ ರಾಷ್ಟ್ರಗಳು ಒಡಂಬಡಿಕೆಯನ್ನು ಒಪ್ಪುವ ಮೊದಲೇ ಮುಗಿದಿದ್ದರಿಂದ ಅದರ ನ್ಯಾಯಸಮ್ಮತತೆಯ ಬಗೆಗಿನ ದೂರನ್ನು ನ್ಯಾಯಾಲಯವು ಪ್ರತ್ಯೇಕವಾಗಿ ತೀರ್ಮಾನಿಸಲಿಲ್ಲ. ಆದರೂ ಈ ಅರ್ಜಿದಾರರಲ್ಲಿ ಯಾರೂ ನಿಜವಾದ ಅರ್ಥದಲ್ಲಿ 'ನ್ಯಾಯಾಲಯ'ದಿಂದ ಶಿಕ್ಷಿತರಾಗಿಲ್ಲವೆಂದು ಅಭಿಪ್ರಾಯಪಟ್ಟಿತು.

ತೀರ್ಪಿನ ಜಾರಿ ಮತ್ತು ಮಿತಿಗಳು

12 ವರ್ಷಗಳ ಶಿಕ್ಷೆಗೆ ಒಳಗಾಗಿದ್ದ ಲೆಶ್ಕೊ ಅವರು ತೀರ್ಪಿಗೆ ಮುನ್ನವೇ, 2004ರ ಜೂನ್‌ನಲ್ಲಿ ಹೊರಬಂದಿದ್ದರು. 15 ವರ್ಷಗಳ ಶಿಕ್ಷೆಗೆ ಒಳಗಾಗಿದ್ದ ಇವಾಂತ್ಸೋಕ್ ಮತ್ತು ಪೆತ್ರೋವ್-ಪೋಪಾ ಅವರು 2007ರ ಜೂನ್‌ನಲ್ಲಿ ಬಿಡುಗಡೆಯಾದರು. ಈ ಮೂವರೂ ಮಾನ್ಯತೆಯಿಲ್ಲದ ನ್ಯಾಯಾಲಯವು ವಿಧಿಸಿದ ಅವಧಿಯನ್ನು ಪೂರ್ತಿಯಾಗಿ ಅನುಭವಿಸಿದರು. ತಕ್ಷಣ ಬಿಡುಗಡೆಯಾಗಬೇಕೆಂಬ ತೀರ್ಪಾಗಲಿ, ಅದರ ಪಾಲನೆಗಾಗಿ ಯುರೋಪ್ ಮಂಡಳಿಯ ಸಚಿವರ ಸಮಿತಿಯು ಹೊರಡಿಸಿದ ನಿರ್ಣಯಗಳಾಗಲಿ ಕೊನೆಯ ಇಬ್ಬರ ಸೆರೆವಾಸವನ್ನು ಕಡಿಮೆ ಮಾಡಲಿಲ್ಲ. ತೀರ್ಪಿನ ನಂತರದ ಅವಧಿಗೆ ಸಂಬಂಧಿಸಿದ ಮತ್ತೊಂದು ಅರ್ಜಿಯಲ್ಲಿ ನ್ಯಾಯಾಲಯವು 2011ರ ನವೆಂಬರ್ 15ರಂದು ರಷ್ಯಾವನ್ನು ಮಾತ್ರ ಹೊಣೆಯಾಗಿಸಿತು.

ಪ್ರಸ್ತುತತೆ

ಕಾನೂನಿನ ದೃಷ್ಟಿಯಿಂದ ಈ ತೀರ್ಪು ಒಂದು ಶೂನ್ಯವನ್ನು ತುಂಬಿತು. ಮಾನ್ಯತೆಯಿಲ್ಲದ ಆಡಳಿತದ ಹಿಂದೆ ನಿಂತ ರಾಷ್ಟ್ರವು ಆ ಆಡಳಿತದ ಕೃತ್ಯಗಳಿಂದ ನುಣುಚಿಕೊಳ್ಳಲಾಗದು ಎಂಬ ತತ್ವವನ್ನು ಟ್ರಾನ್ಸ್‌ನಿಸ್ಟ್ರಿಯಾಕ್ಕೆ ಸಂಬಂಧಿಸಿದ ಮುಂದಿನ ಪ್ರಕರಣಗಳಲ್ಲಿಯೂ ಅನುಸರಿಸಲಾಯಿತು. ಆದರೆ ಆ ತತ್ವದ ಬಲವು ಸಂಬಂಧಿಸಿದ ರಾಷ್ಟ್ರವು ನ್ಯಾಯಾಲಯದ ವ್ಯಾಪ್ತಿಯಲ್ಲಿ ಉಳಿಯುವುದನ್ನು ಅವಲಂಬಿಸಿದೆ. ಉಕ್ರೇನ್ ಮೇಲಿನ ಆಕ್ರಮಣದ ನಂತರ, 2022ರ ಮಾರ್ಚ್ 16ರಂದು ರಷ್ಯಾವನ್ನು ಯುರೋಪ್ ಮಂಡಳಿಯಿಂದ ಹೊರಹಾಕಲಾಯಿತು. ಅದೇ ವರ್ಷದ ಸೆಪ್ಟೆಂಬರ್ 16ರಿಂದ ಅದು ಒಡಂಬಡಿಕೆಯ ಪಕ್ಷಕಾರನಾಗಿಲ್ಲ. ಆ ದಿನಾಂಕದ ನಂತರದ ಘಟನೆಗಳಿಗಾಗಿ ರಷ್ಯಾದ ವಿರುದ್ಧ ಈ ನ್ಯಾಯಾಲಯದ ಮೊರೆಹೋಗಲು ಸಾಧ್ಯವಿಲ್ಲ.

ಇದೇ ಪ್ರದೇಶದ ಇನ್ನೊಬ್ಬ ರಾಜಕಾರಣಿಯ ಪ್ರಕರಣವು ಭಿನ್ನವಾಗಿ ಕೊನೆಗೊಂಡಿತು. ಟ್ರಾನ್ಸ್‌ನಿಸ್ಟ್ರಿಯಾದ ಕಮ್ಯುನಿಸ್ಟ್ ಪಕ್ಷದ ನಾಯಕ ಒಲೆಗ್ ಹೋರ್ಜಾನ್ ಅವರು ಅಲ್ಲಿನ ಶಾಸನಸಭೆಯಲ್ಲಿ ವಿರೋಧಪಕ್ಷದ ಏಕೈಕ ಪ್ರತಿನಿಧಿಯಾಗಿದ್ದರು. 2018ರ ಜೂನ್‌ನಲ್ಲಿ ತಿರಾಸ್ಪೋಲ್‌ನಲ್ಲಿ ನಡೆದ ಪ್ರತಿಭಟನೆಯ ನಂತರ ಅವರನ್ನು ಬಂಧಿಸಿ ನಾಲ್ಕೂವರೆ ವರ್ಷಗಳ ಶಿಕ್ಷೆ ವಿಧಿಸಲಾಯಿತು. 2022ರ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ಅವರು 2023ರ ಜುಲೈನಲ್ಲಿ ತಮ್ಮ ಮನೆಯಲ್ಲಿ ಕೊಲೆಯಾದ ಸ್ಥಿತಿಯಲ್ಲಿ ಪತ್ತೆಯಾದರು. ಇಲಾಶ್ಕು ಅವರ ಬೆನ್ನಿಗೆ ಎರಡು ರಾಷ್ಟ್ರಗಳ ಸಂಸತ್ತುಗಳ ಸದಸ್ಯತ್ವವಿತ್ತು. ಹೋರ್ಜಾನ್ ಅವರು ಸದಸ್ಯರಾಗಿದ್ದುದು ಯಾರೂ ಮಾನ್ಯ ಮಾಡದ ಶಾಸನಸಭೆಯಲ್ಲಿ. ಆ ಸಭೆಯೇ ಅವರಿಗಿದ್ದ ಶಾಸಕ ರಕ್ಷಣೆಯನ್ನು ತೆಗೆದುಹಾಕಿತ್ತು.