ಕನ್ನಡಕ್ಕೆ ಲೆವೆಲ್ ಇಲ್ಲವೇ?

ಯುವ ಕನ್ನಡಿಗರೇ, ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಕೆ.ಆರ್. ಮಾರುಕಟ್ಟೆಯಲ್ಲಿ ಹೂ ಮಾರುವ ಹೆಂಗಸರ ಬಗ್ಗೆ ವಿಡಿಯೋ ಮಾಡಿ ತೋರಿಸಿದರು. ನೋಡಿದವರ ಅಭಿಪ್ರಾಯ ಚೀಟಿಗಳಲ್ಲಿ ಬಂದದ್ದೇನು? ಭಾಷೆ ತೀರಾ ಲೋಕಲ್ಲಂತೆ, ಇಂಗ್ಲಿಷಿನಲ್ಲಿ ಮಾಡಿದ್ದರೆ ಲೆವೆಲ್ ಇರುತ್ತಿತ್ತಂತೆ! ಬರೆದವರು ಪರಭಾಷಿಕರಲ್ಲ, ನಮ್ಮವರೇ. (ಚೀಟಿ ಅಚ್ಚಾಗಿದ್ದೂ ಇಂಗ್ಲಿಷಿನಲ್ಲೇ, ಅದು ಬೇರೆ ಮಾತು.)

ಯಾವ ಲೆವೆಲ್ಲು ಸ್ವಾಮಿ? ಮೈಸೂರಿನ ಚಿದಾನಂದ ಎಸ್. ನಾಯಕ್ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಯಾಗಿದ್ದಾಗ, ಹುಂಜ ಕದ್ದು ಊರನ್ನೇ ಕತ್ತಲಲ್ಲಿಟ್ಟ ಅಜ್ಜಿಯ ಜನಪದ ಕಥೆಯನ್ನು ಕನ್ನಡದಲ್ಲೇ ಚಿತ್ರ ಮಾಡಿದರು. ಹದಿನಾರು ನಿಮಿಷದ ಆ ಚಿತ್ರಕ್ಕೆ 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದ ಮೊದಲ ಬಹುಮಾನ ಬಂತು. ಫ್ರಾನ್ಸಿನಲ್ಲಿ ಕೂತ ತೀರ್ಪುಗಾರರಿಗೆ ಅಡ್ಡಬರದ ಕನ್ನಡ ಬೆಂಗಳೂರಿನವರ ಕಿವಿಗೆ ಚುಚ್ಚಿತೇ?

ವಿಮರ್ಶೆ ಬೇಡವೆಂದಲ್ಲ. ಸಂತೆಯ ಗದ್ದಲದಲ್ಲಿ ಮಾತೇ ಕೇಳಿಸಲಿಲ್ಲ ಎಂದು ಒಬ್ಬರು ಬರೆದಿದ್ದರು. ಅದು ಉಪಯೋಗದ ಮಾತು, ಮೈಕು ಹತ್ತಿರ ಹಿಡಿದರೆ ಸರಿಹೋಗುತ್ತದೆ. ಹೂ ಮಾರುವವಳ ಬಾಯಿಗೆ ಇಂಗ್ಲಿಷ್ ತುರುಕಿದರೆ ಏನು ಸರಿಹೋಗುತ್ತದೆ? ಹುಡುಗರೇ, ಕನ್ನಡ ಬಾರದವರಿಗೆ ಅಡಿಬರಹ ಹಾಕಿ, ಸಾಕು. ಆ ತಾಯಂದಿರ ಮಾತಿನ ಒಂದಕ್ಷರವನ್ನೂ ಕತ್ತರಿಸಬೇಡಿ!