ಗ್ರಾಮಸಭೆಗೆ ಹೋಗುವವರಾರು?

ಕುಂದಾಪುರ ತಾಲ್ಲೂಕಿನ ಬೀಜಾಡಿ ಅರಬ್ಬೀ ಸಮುದ್ರದ ದಂಡೆಯ ಊರು. ಇಂತಹ ಕರಾವಳಿ ಗ್ರಾಮಗಳಲ್ಲಿ ಸೂರಿಲ್ಲದವರ ಅಳಲು, ಮಳೆಗಾಲದ ಚರಂಡಿ, ಬೇಸಿಗೆಯಲ್ಲಿ ಉಪ್ಪಾಗುವ ಬಾವಿ ನೀರು ಮೊದಲು ಚರ್ಚೆಗೆ ಬರಬೇಕಾದ ಸ್ಥಳ ಗ್ರಾಮಸಭೆ.

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಈ ಸಭೆಗೆ ಮಾನ್ಯತೆಯನ್ನು ಕೊಟ್ಟಿತು. ಇದರ ಸದಸ್ಯರಾಗಲು ಚುನಾವಣೆಗೆ ನಿಲ್ಲಬೇಕಿಲ್ಲ. ಪಂಚಾಯತ್ ವ್ಯಾಪ್ತಿಯ ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ನಮ್ಮ ರಾಜ್ಯದ ಕಾಯಿದೆಯಂತೆ ಆರು ತಿಂಗಳಿಗೊಮ್ಮೆಯಾದರೂ ಅದು ಸೇರಬೇಕು. ವಸತಿ ಯೋಜನೆಯ ಫಲಾನುಭವಿಗಳನ್ನು ಆರಿಸಬೇಕಾದುದೂ ಅಲ್ಲಿಯೇ.

ಮತಗಟ್ಟೆಯ ಮುಂದೆ ಬಿಸಿಲಿನಲ್ಲಿ ಸಾಲುಗಟ್ಟುವ ನಾವು ಗ್ರಾಮಸಭೆಯ ದಿನ ಮನೆಯಲ್ಲಿಯೇ ಉಳಿಯುತ್ತೇವೆ. ಹೋಗಿ ಆಗುವುದೇನು ಎಂಬ ಮಾತು ಪೂರ್ತಿ ಸುಳ್ಳೆನ್ನಲಾರೆವು. ನಿರ್ಣಯಗಳು ಕಡತದಲ್ಲಿ ಮಲಗುವುದುಂಟು. ಆದರೂ ಕೇಳುವವರಿಲ್ಲದ ಸಭೆಯಲ್ಲಿ ಪಟ್ಟಿಯನ್ನು ಓದಿ ಮುಗಿಸಿದಾಗ ಬಿಟ್ಟುಹೋಗುವ ಹೆಸರು ಒಂಟಿ ವಿಧವೆಯದೋ, ದೋಣಿಯ ಕೂಲಿಯವನದೋ ಆಗಿರಬಹುದು. ಅಂದಿನ ಕೂಲಿಯನ್ನು ಬಿಟ್ಟು ಅವರು ಬರಲಾರರು. ಅವರ ಪರವಾಗಿ ಎದ್ದು ನಿಲ್ಲಬೇಕಾದವರು ಬಿಡುವುಳ್ಳ ನೆರೆಹೊರೆಯವರು.

1976ರಲ್ಲಿ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಮತದಾನದ ಉಲ್ಲೇಖವಿಲ್ಲ, ಗ್ರಾಮಸಭೆಯದೂ ಇಲ್ಲ. ಸಭೆಗೆ ಬಾರದವನಿಗೆ ದಂಡವಿಲ್ಲ. ಅವನ ಗೈರುಹಾಜರಿಯ ದಂಡವನ್ನು ತೆರುವವರು ಪಟ್ಟಿಯಿಂದ ಹೊರಗುಳಿದವರು. ಈ ಸಲವಾದರೂ ಸಭೆಯ ದಿನಾಂಕವನ್ನು ಪಂಚಾಯತ್ ಕಚೇರಿಯಲ್ಲಿ ವಿಚಾರಿಸಿ, ಹಿಂದಿನ ಸಭೆಯ ನಿರ್ಣಯಗಳ ಪ್ರತಿಯನ್ನು ಕೇಳಿ ಪಡೆಯೋಣ. ಕೊಡಲು ಹಿಂಜರಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಡಿ ಅರ್ಜಿ ಹಾಕಬಹುದು.